ದುರಸ್ತಿಯ ವಿವೇಕ

ಮನುಷ್ಯನಿಗೆ ತಾನು ಬಳಸುವ ಯಂತ್ರದ ಪರಿಚಯ ಎಷ್ಟಿದೆ ಎಂಬುದು ಅದು ಓಡುತ್ತಿರುವಾಗ ತಿಳಿಯುವುದಿಲ್ಲ. ಅದು ನಿಂತಾಗ ತಿಳಿಯುತ್ತದೆ. ಗುಂಡಿಯನ್ನು ತಿರುಗಿಸಿದೊಡನೆ ಕೆಲಸ ಮಾಡುವ ವಸ್ತುವನ್ನು ಕುರಿತು ಯಾರೂ ಯೋಚಿಸುವುದಿಲ್ಲ. ಅಡುಗೆಮನೆಯ ಮಿಕ್ಸಿಯು ಇದಕ್ಕೆ ಉತ್ತಮ ನಿದರ್ಶನ. ಬೆಳಗಿನ ಚಟ್ನಿ, ಮಧ್ಯಾಹ್ನದ ಹುಳಿಗೆ ಬೇಕಾದ ಖಾರ, ನಾಳಿನ ದೋಸೆಗೆ ನೆನೆಹಾಕಿದ ಅಕ್ಕಿ, ಉದ್ದು - ಇವೆಲ್ಲವನ್ನೂ ಅದು ವರ್ಷಗಟ್ಟಲೆ ಅರೆದುಕೊಡುತ್ತದೆ. ಒಂದು ದಿನ ಇದ್ದಕ್ಕಿದ್ದಂತೆ ಸ್ತಬ್ಧವಾಗುತ್ತದೆ. ಆಗ ಮನೆಯವರ ಬಾಯಿಂದ ಹೊರಡುವ ಮಾತುಗಳು ಸಾಮಾನ್ಯವಾಗಿ ಎರಡೇ: 'ಇದು ಕೆಟ್ಟುಹೋಯಿತು', 'ಹೊಸದನ್ನು ತರೋಣ.' ಈ ಎರಡು ಮಾತುಗಳ ನಡುವೆ ಇರಬೇಕಾದ ಮೂರನೆಯ ಮಾತೊಂದಿದೆ. 'ಏಕೆ ಕೆಟ್ಟಿತು?' ಎಂಬುದೇ ಆ ಮಾತು. ಅದನ್ನು ಕೇಳುವ ಅಭ್ಯಾಸವು ಮನೆಗಳಿಂದ ಮರೆಯಾಗುವುದು ಚಿಕ್ಕ ನಷ್ಟವಲ್ಲ.

ಹಿಂದಿನ ಅಡುಗೆಮನೆಯಲ್ಲಿ ಈ ಪ್ರಶ್ನೆಯು ಸಹಜವಾಗಿ ಹುಟ್ಟುತ್ತಿತ್ತು. ಒರಳುಕಲ್ಲಿನಲ್ಲಿ ಹಿಟ್ಟು ನುಣ್ಣಗಾಗದಿದ್ದರೆ ಅದರ ಕಾರಣ ಕಣ್ಣಿಗೆ ಕಾಣುತ್ತಿತ್ತು, ಕೈಗೆ ಸಿಗುತ್ತಿತ್ತು. ಕಲ್ಲಿನ ಒಳಮೈ ಸವೆದು ನುಣುಪಾದರೆ ಕಾಳು ಜಾರುತ್ತದೆಯೇ ಹೊರತು ಅರೆಯುವುದಿಲ್ಲ ಎಂಬುದು ಅದರ ಮುಂದೆ ಕುಳಿತವರಿಗೆಲ್ಲ ಗೊತ್ತಿತ್ತು. ಕಲ್ಲುಕುಟಿಗರು ಬೀದಿಯಲ್ಲಿ ಕೂಗುತ್ತ ಬಂದಾಗ ಅವರನ್ನು ಕರೆದು, ಉಳಿಯಿಂದ ಕಲ್ಲಿಗೆ ಕಚ್ಚು ಹಾಕಿಸುತ್ತಿದ್ದರು. ತಾಮ್ರದ ಪಾತ್ರೆಗೆ ಕಲಾಯಿ ಮಾಡಿಸುತ್ತಿದ್ದರು. ಸೋರುವ ಕೊಡಕ್ಕೆ ಬೆಸುಗೆ ಹಾಕಿಸುತ್ತಿದ್ದರು. ಸವೆಯುವುದು ವಸ್ತುವಿನ ಧರ್ಮ, ಸವೆದುದನ್ನು ಸರಿಪಡಿಸಿಕೊಳ್ಳುವುದು ಮನೆಯ ಧರ್ಮ ಎಂಬ ತಿಳಿವಳಿಕೆ ಆ ಬಾಳಿನಲ್ಲಿತ್ತು. ಹಾಗೆಂದು ಆ ಕಾಲವು ಮರಳಿ ಬರಲೆಂದು ಹಾರೈಸಬೇಕಾಗಿಲ್ಲ. ಒರಳು, ಬೀಸುವ ಕಲ್ಲುಗಳ ಮುಂದೆ ಹೆಂಗಸರ ಎಷ್ಟೋ ಬೆಳಗುಗಳು ಕಳೆದುಹೋದವು. ಎಷ್ಟೋ ತೋಳುಗಳು ದಣಿದವು. ಆ ಶ್ರಮವನ್ನು ಇಳಿಸಿದ ಯಂತ್ರಕ್ಕೆ ಕೃತಜ್ಞತೆ ಸಲ್ಲಲೇಬೇಕು. ಆದರೆ ಶ್ರಮದೊಡನೆ ತಿಳಿವಳಿಕೆಯನ್ನೂ ಇಳಿಸಿಬಿಡಬೇಕಾದ ಅಗತ್ಯವೇನೂ ಇರಲಿಲ್ಲ.

ಶಿವನಸಮುದ್ರದ ಜಲಪಾತದಿಂದ 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ಹರಿದ ವಿದ್ಯುತ್ತು 1905ರಲ್ಲಿ ಬೆಂಗಳೂರಿನ ಬೀದಿಗಳನ್ನು ಬೆಳಗಿತು. ಆದರೆ ಅದು ಒರಳುಕಲ್ಲಿನ ಕೆಲಸವನ್ನು ವಹಿಸಿಕೊಳ್ಳಲು ಮುಂದೆ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಹಿಡಿಯಿತು. ಪಾತ್ರೆಯ ತಳದಲ್ಲಿ ಅಲಗನ್ನು ತಿರುಗಿಸುವ ಯಂತ್ರವನ್ನು ಅಮೆರಿಕದಲ್ಲಿ ಸ್ಟೀಫನ್ ಪೊಪ್ಲಾವ್‌ಸ್ಕಿ ಎಂಬವರು 1922ರಲ್ಲಿ ರೂಪಿಸಿದ್ದರು. ಅಂಥ ವಿದೇಶೀ ಯಂತ್ರಗಳು ಹಾಲು, ಹಣ್ಣುಗಳ ಪಾನೀಯಕ್ಕೆ ತಕ್ಕವಾಗಿದ್ದವು. ನೆನೆದ ಉದ್ದು, ಒಣಕೊಬ್ಬರಿ, ಒಣಮೆಣಸಿನಕಾಯಿಗಳನ್ನು ಅರೆಯುವ ಬಲ ಅವುಗಳಲ್ಲಿ ಇರಲಿಲ್ಲ. 1960ರ ದಶಕದ ಆರಂಭದಲ್ಲಿ ಮುಂಬಯಿಯಲ್ಲಿ ಮಾಧುರಿ ಮಾಥುರ್ ಎಂಬ ಗೃಹಿಣಿ ಬಳಸುತ್ತಿದ್ದ ವಿದೇಶೀ ಮಿಕ್ಸರಿನ ಮೋಟಾರು ಸುಟ್ಟುಹೋಯಿತು. ಅದನ್ನು ಸರಿಪಡಿಸಿಕೊಳ್ಳುವ ಏರ್ಪಾಡು ಈ ದೇಶದಲ್ಲಿರಲಿಲ್ಲ. ಆಕೆಯ ಪತಿ ಸತ್ಯಪ್ರಕಾಶ ಮಾಥುರ್ ಅವರು ಎಂಜಿನಿಯರರು. ಭಾರತದ ಅಡುಗೆಯ ಭಾರವನ್ನು ತಾಳಬಲ್ಲ ಬಲವಾದ ಮೋಟಾರನ್ನು ಅವರು ರೂಪಿಸಿದರು. 'ಸುಮೀತ್' ಎಂಬ ಹೆಸರಿನಿಂದ ಆ ಮಿಕ್ಸಿಯು ದೇಶದ ಮನೆಮನೆಗಳನ್ನು ಪ್ರವೇಶಿಸಿತು. ಕೆಟ್ಟ ಯಂತ್ರವೊಂದರ ಮುಂದೆ ನಿಂತು 'ಏಕೆ?' ಎಂದು ಕೇಳಿದುದರ ಫಲವಾಗಿ ಹುಟ್ಟಿದ ಯಂತ್ರವದು. ಅಂಥ ಯಂತ್ರದ ಬಳಕೆದಾರರೇ ಆ ಪ್ರಶ್ನೆಯನ್ನು ಮರೆಯುವುದು ವಿಚಿತ್ರವಲ್ಲವೆ?

ದುರಸ್ತಿ ಎಂದೊಡನೆ ಹಲವರ ಕಣ್ಣೆದುರಿಗೆ ಬರುವುದು ತಿರುಪುಳಿ, ಇಕ್ಕಳ, ಬೆಸುಗೆಯ ಕಡ್ಡಿ. ವಾಸ್ತವವಾಗಿ ದುರಸ್ತಿಯ ಮೊದಲ ಉಪಕರಣ ಇವಾವುವೂ ಅಲ್ಲ, ವಿಚಾರ. ವೈದ್ಯನು ರೋಗಿಯನ್ನು ಕಂಡೊಡನೆ ಶಸ್ತ್ರವನ್ನು ಕೈಗೆತ್ತಿಕೊಳ್ಳುವುದಿಲ್ಲ. ಮೊದಲು ಕೇಳುತ್ತಾನೆ, ನೋಡುತ್ತಾನೆ, ಮುಟ್ಟಿ ಪರೀಕ್ಷಿಸುತ್ತಾನೆ. ಸುಲಭವಾಗಿ ಗುಣವಾಗುವ ಕಾರಣಗಳನ್ನು ಮೊದಲು ಯೋಚಿಸಿ, ಕಠಿಣವಾದುವನ್ನು ಆಮೇಲೆ ಯೋಚಿಸುತ್ತಾನೆ. ಯಂತ್ರದ ವಿಷಯದಲ್ಲಿಯೂ ಕ್ರಮ ಇದೇ. ಕಾರಣವನ್ನು ತಿಳಿಯದೆ ಕೈಹಾಕುವುದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ. ಕಾರಣವನ್ನೇ ಹುಡುಕದೆ ಎಸೆಯುವುದು ನೆಗಡಿಯಾಯಿತೆಂದು ಮೂಗನ್ನು ಕೊಯ್ದುಕೊಂಡಂತೆ.

ಮಿಕ್ಸಿಯ ರಚನೆಯು ಅಷ್ಟೇನೂ ನಿಗೂಢವಲ್ಲ. ಕೆಳಗಿನ ಪೆಟ್ಟಿಗೆಯಲ್ಲಿ ಒಂದು ಮೋಟಾರು ಇದೆ. ಅದರ ನಡುವೆ ತಾಮ್ರದ ತಂತಿ ಸುತ್ತಿದ ಆರ್ಮೇಚರು ತಿರುಗುತ್ತದೆ. ತಿರುಗುವ ಆ ಭಾಗಕ್ಕೆ ವಿದ್ಯುತ್ತನ್ನು ಮುಟ್ಟಿಸುವ ಕೆಲಸ ಇಂಗಾಲದ ಎರಡು ಚಿಕ್ಕ ತುಂಡುಗಳದು. ಅವನ್ನು ಕಾರ್ಬನ್ ಬ್ರಷ್ ಎನ್ನುತ್ತಾರೆ. ಹೊರೆಯಿಲ್ಲದಾಗ ಇಂಥ ಮೋಟಾರು ನಿಮಿಷಕ್ಕೆ ಸುಮಾರು 18,000 ಸುತ್ತು, ಅಂದರೆ ಸೆಕೆಂಡಿಗೆ 300 ಸುತ್ತು ತಿರುಗಬಲ್ಲದು. ಮೋಟಾರಿನ ದಂಡದ ತುದಿಯಲ್ಲಿ ರಬ್ಬರು ಅಥವಾ ಪ್ಲಾಸ್ಟಿಕ್ಕಿನ ಕಪ್ಲರ್ ಇದೆ. ಜಾರಿನ ಅಡಿಯಲ್ಲಿ ಅದಕ್ಕೆ ಹೊಂದುವ ಜೋಡಿ ಭಾಗವಿದೆ. ಇವೆರಡೂ ಒಂದರೊಳಗೊಂದು ಕೂಡಿದಾಗ ಮೋಟಾರಿನ ತಿರುಗುವಿಕೆಯು ಅಲಗಿಗೆ ಮುಟ್ಟುತ್ತದೆ. ಜಾರಿನ ತಳದಲ್ಲಿ ಅಲಗಿನ ದಂಡವನ್ನು ಹಿಡಿದಿರುವ ಬುಷ್ ಮತ್ತು ಅರೆದ ಪದಾರ್ಥ ಸೋರದಂತೆ ತಡೆಯುವ ರಬ್ಬರಿನ ವಾಷರ್ ಇವೆ. ಇಷ್ಟನ್ನು ಅರಿತವರಿಗೆ 'ಮಿಕ್ಸಿ ಕೆಟ್ಟಿದೆ' ಎಂಬ ಮಾತು ಅಸಂಪೂರ್ಣವೆಂದು ತೋರುತ್ತದೆ. ಯಾವ ಭಾಗ ತನ್ನ ಕೆಲಸವನ್ನು ಬಿಟ್ಟಿದೆ ಎಂಬುದೇ ಸರಿಯಾದ ಪ್ರಶ್ನೆ.

ಆ ಪ್ರಶ್ನೆಗೆ ಉತ್ತರವನ್ನು ಯಂತ್ರವೇ ಹೇಳುತ್ತದೆ. ಅದು ಸಂಪೂರ್ಣವಾಗಿ ಮೌನವಾಗಿದ್ದರೆ ವಿದ್ಯುತ್ತು ಮೋಟಾರನ್ನು ತಲುಪಿಲ್ಲವೆಂದು ಊಹಿಸಬಹುದು. ಮೊದಲು ಪರೀಕ್ಷಿಸಬೇಕಾದುದು ಮಿಕ್ಸಿಯನ್ನಲ್ಲ, ಗೋಡೆಯ ಸಾಕೆಟ್ಟನ್ನು. ಅಲ್ಲಿ ಬೇರೊಂದು ಉಪಕರಣವನ್ನು ಜೋಡಿಸಿದರೆ ಅದು ನಡೆಯುತ್ತದೆಯೇ? ನಡೆಯದಿದ್ದರೆ ದೋಷವು ಮನೆಯ ಫ್ಯೂಸಿನಲ್ಲಿಯೋ ಸಾಕೆಟ್ಟಿನಲ್ಲಿಯೋ ಇದೆ. ನಡೆದರೆ, ಮಿಕ್ಸಿಯ ಪ್ಲಗ್ಗನ್ನು ಸಾಕೆಟ್ಟಿನಿಂದ ಕಿತ್ತಿಟ್ಟುಕೊಂಡು ಅದರ ತಳವನ್ನು ನೋಡಬೇಕು. ಬಹಳಷ್ಟು ಮಿಕ್ಸಿಗಳ ಅಡಿಯಲ್ಲಿ ಒಂದು ಪುಟ್ಟ ಗುಂಡಿಯಿರುತ್ತದೆ; ಅದು ಓವರ್‌ಲೋಡ್ ಗುಂಡಿ. ಭಾರ ಹೆಚ್ಚಾದಾಗ ಅದು ಹೊರಕ್ಕೆ ನೆಗೆದು ವಿದ್ಯುತ್ತನ್ನು ಕಡಿದುಹಾಕುತ್ತದೆ. ಯಂತ್ರವು ತಣಿದ ಮೇಲೆ ಅದನ್ನು ಒಳಕ್ಕೆ ಒತ್ತಿದರೆ ಮಿಕ್ಸಿಯು ಮತ್ತೆ ನಡೆಯುತ್ತದೆ. ಈ ಒಂದು ಗುಂಡಿಯ ಅರಿವಿಲ್ಲದೆ ಅಂಗಡಿಯವರೆಗೆ ಹೊತ್ತೊಯ್ಯುವ ಮಿಕ್ಸಿಗಳು ಕಡಿಮೆಯಲ್ಲ. ಗುಂಡಿಯೂ ಸರಿಯಾಗಿದ್ದರೆ ತಂತಿಯನ್ನು ನೋಡಬೇಕು. ಪ್ಲಗ್ಗಿನ ಬುಡದಲ್ಲಿ, ಪೆಟ್ಟಿಗೆಯನ್ನು ಹೊಗುವ ಕಡೆಯಲ್ಲಿ ತಂತಿಯು ದಿನದಿನವೂ ಬಾಗಿ ಬಾಗಿ ಒಳಗಿಂದೊಳಗೇ ತುಂಡಾಗುವುದುಂಟು.

ಯಂತ್ರವು ಮೌನವಾಗಿರದೆ ಗುಂಯ್‌ಗುಟ್ಟಿಯೂ ತಿರುಗದಿದ್ದರೆ ಕಾರಣವು ಬೇರೆ. ವಿದ್ಯುತ್ತು ಬಂದಿದೆ, ಆದರೆ ಯಾವುದೋ ಒಂದು ಭಾಗ ಬಿಗಿದುಕೊಂಡಿದೆ. ತಡಮಾಡದೆ ಸ್ವಿಚ್ಚನ್ನು ಆರಿಸಿ, ಪ್ಲಗ್ಗನ್ನು ಕಿತ್ತು, ಜಾರನ್ನು ಹೊರತೆಗೆಯಬೇಕು. ಜಾರಿನ ಅಡಿಯ ಭಾಗವನ್ನು ಬೆರಳಿನಿಂದ ತಿರುಗಿಸಿ ನೋಡಿದರೆ ದೋಷವು ಜಾರಿನಲ್ಲಿದೆಯೇ ಮೋಟಾರಿನಲ್ಲಿದೆಯೇ ಎಂಬುದು ಗೊತ್ತಾಗುತ್ತದೆ. ತೊಳೆಯದೆ ಬಿಟ್ಟ ಹಿಟ್ಟು ಬುಷ್‌ನೊಳಗೆ ಇಳಿದು ಒಣಗಿದರೆ ಅದು ಅಂಟಿನಂತೆ ಅಲಗನ್ನು ಹಿಡಿಯುತ್ತದೆ. ಉಗುರುಬೆಚ್ಚಗಿನ ನೀರಿನಲ್ಲಿ ಸ್ವಲ್ಪ ಹೊತ್ತು ನೆನೆಯಿಸಿ, ಅಡುಗೆಯ ಎಣ್ಣೆಯ ಎರಡು ತೊಟ್ಟನ್ನು ದಂಡದ ಬುಡಕ್ಕೆ ಬಿಟ್ಟು, ಅಡಿಯಿಂದ ಮೆಲ್ಲನೆ ಅತ್ತಿತ್ತ ತಿರುಗಿಸಿದರೆ ಅದು ಸಡಿಲವಾಗುವ ಸಂಭವವಿದೆ. ಜಾರು ಸಲೀಸಾಗಿ ತಿರುಗಿ, ಪೆಟ್ಟಿಗೆಯ ಮೇಲಿನ ಕಪ್ಲರ್ ಮಾತ್ರ ಅಲುಗದಿದ್ದರೆ ದೋಷವು ಮೋಟಾರಿನ ಒಳಗಿದೆ. ಅದು ಮನೆಯವರ ಕೆಲಸವಲ್ಲ, ಕಸುಬಿನವರ ಕೆಲಸ.

ಮೋಟಾರು ಜೋರಾಗಿ ತಿರುಗುವ ಸದ್ದು ಕೇಳಿಸುತ್ತಿದ್ದರೂ ಜಾರಿನಲ್ಲಿರುವ ತೆಂಗಿನಕಾಯಿ ಹಾಗೆಯೇ ಉಳಿದಿದ್ದರೆ, ಕಪ್ಲರಿನ ಹಲ್ಲುಗಳು ಸವೆದಿವೆ ಎಂದರ್ಥ. ಇದು ಸಣ್ಣ ದೋಷ. ಕಪ್ಲರನ್ನು ಮೆದುವಾದ ವಸ್ತುವಿನಿಂದ ಮಾಡಿರುವುದರಲ್ಲಿ ಒಂದು ಯುಕ್ತಿಯಿದೆ. ಜಾರು ಬಿಗಿದುಕೊಂಡಾಗ ಆ ಪೆಟ್ಟನ್ನು ಅಗ್ಗದ ಕಪ್ಲರು ತಾನು ತಿಂದು, ಬೆಲೆಬಾಳುವ ಮೋಟಾರನ್ನು ಉಳಿಸುತ್ತದೆ. ಅದನ್ನು ಬದಲಿಸಹೊರಟವರು ಇನ್ನೊಂದು ಸಂಗತಿಯನ್ನು ತಿಳಿದಿರಬೇಕು. ಮೋಟಾರು ತಿರುಗಿದಷ್ಟೂ ಕಪ್ಲರು ಬಿಗಿಯಾಗಬೇಕೇ ಹೊರತು ಕಳಚಿಕೊಳ್ಳಬಾರದು. ಅದಕ್ಕಾಗಿ ಹಲವು ಮಿಕ್ಸಿಗಳಲ್ಲಿ ಅದರ ಎಳೆಯನ್ನು ಸಾಮಾನ್ಯ ತಿರುಪಿಗೆ ವಿರುದ್ಧವಾದ ದಿಕ್ಕಿನಲ್ಲಿ ಕೊರೆದಿರುತ್ತಾರೆ. ಇದನ್ನರಿಯದವರು ಸಡಿಲಿಸುತ್ತಿದ್ದೇವೆಂದು ಭ್ರಮಿಸಿ ಬಲವನ್ನೆಲ್ಲ ಹಾಕಿ ಅದನ್ನು ಬಿಗಿಮಾಡುತ್ತಾರೆ, ಕೊನೆಗೆ ಮುರಿಯುತ್ತಾರೆ. ಬಲವು ಮುರಿದದ್ದನ್ನು ತಿಳಿವು ಸುಲಭವಾಗಿ ಬಿಚ್ಚುತ್ತಿತ್ತು.

ಎಲ್ಲಕ್ಕಿಂತ ಹೆಚ್ಚಾಗಿ ಗಮನಿಸಬೇಕಾದುದು ಜಾರಿನ ತಳದ ಸೋರಿಕೆ. ವಾಷರು ಬಿರುಕು ಬಿಟ್ಟರೆ, ಬುಷ್ ಸವೆದರೆ, ನೀರು ತೊಟ್ಟಿಕ್ಕುತ್ತದೆ. 'ಒರೆಸಿದರಾಯಿತು' ಎಂದು ಜನ ಅದನ್ನು ಅಲಕ್ಷಿಸುತ್ತಾರೆ. ಆ ನೀರು ಕಪ್ಲರಿನ ದಂಡವನ್ನು ಹಿಡಿದು ಮೋಟಾರಿನೊಳಕ್ಕೆ ಇಳಿಯುತ್ತದೆ. ಉಪ್ಪು ಹುಳಿಗಳೊಡನೆ ಇಳಿದು ಲೋಹವನ್ನು ತಿನ್ನುತ್ತದೆ. ತಿಂಗಳುಗಳ ಅನಂತರ ಮೋಟಾರು ಸುಟ್ಟಾಗ ಎಲ್ಲರೂ ಮೋಟಾರನ್ನು ದೂರುತ್ತಾರೆ. ಆದರೆ ರೋಗವು ಹುಟ್ಟಿದ್ದು ಮೋಟಾರಿನಲ್ಲಲ್ಲ, ಕೆಲವೇ ರೂಪಾಯಿಗಳ ವಾಷರಿನಲ್ಲಿ. ದೊಡ್ಡ ಹಾನಿಯ ಬೇರು ಸಣ್ಣ ಅಲಕ್ಷ್ಯದಲ್ಲಿರುತ್ತದೆ ಎಂಬ ಮಾತಿಗೆ ಇದಕ್ಕಿಂತ ಹತ್ತಿರದ ಸಾಕ್ಷಿಯನ್ನು ಹುಡುಕಬೇಕಾಗಿಲ್ಲ.

ಇಷ್ಟೆಲ್ಲ ಪರೀಕ್ಷೆಗಳಿಗೂ ಮೊದಲು ಪಾಲಿಸಬೇಕಾದ ನಿಯಮವೊಂದಿದೆ. ಸ್ವಿಚ್ಚನ್ನು ಆರಿಸಿದರೆ ಸಾಲದು. ಪ್ಲಗ್ಗನ್ನು ಸಾಕೆಟ್ಟಿನಿಂದ ಕಿತ್ತು ಕಣ್ಣಿಗೆ ಕಾಣುವಂತೆ ಮುಂದಿಟ್ಟುಕೊಳ್ಳಬೇಕು. ತಂತಿ ಜೋಡಣೆಯಲ್ಲಿ ತಪ್ಪಾಗಿದ್ದರೆ ಸ್ವಿಚ್ಚು ಆರಿದ್ದರೂ ಉಪಕರಣದಲ್ಲಿ ವಿದ್ಯುತ್ತು ಉಳಿದಿರುವ ಸಂಭವವಿದೆ. ಮನೆಗಳಿಗೆ ಬರುವ 230 ವೋಲ್ಟಿನ ವಿದ್ಯುತ್ತು ಮನುಷ್ಯನ ಪ್ರಾಣವನ್ನು ತೆಗೆಯಲು ಸಾಕು. ಒದ್ದೆಯ ಕೈ, ಒದ್ದೆಯ ನೆಲ ಆ ಅಪಾಯವನ್ನು ಇನ್ನಷ್ಟು ಹೆಚ್ಚಿಸುತ್ತವೆ. ಮಿಕ್ಸಿಯನ್ನು ಮುಟ್ಟಿದಾಗ ಕೈ ಜುಮ್ಮೆಂದರೆ ಅದನ್ನು ಮತ್ತೆ ಬಳಸಲೇಬಾರದು, ತಿಳಿದವರಿಗೆ ತೋರಿಸಬೇಕು. ಮೂರು ಕಡ್ಡಿಗಳ ಪ್ಲಗ್ಗಿನಲ್ಲಿ ದಪ್ಪವಾಗಿ ಉದ್ದವಾಗಿರುವ ಕಡ್ಡಿಯು ಭೂಸಂಪರ್ಕದ್ದು. ಅದು ಉಳಿದವಕ್ಕಿಂತ ಮೊದಲೇ ಸಾಕೆಟ್ಟನ್ನು ಸೇರಲೆಂಬುದು ಆ ಉದ್ದದ ಉದ್ದೇಶ. ಅದನ್ನು ನಿಷ್ಪ್ರಯೋಜಕವೆಂದು ಮುರಿದುಹಾಕುವುದು ತನ್ನ ಕಾವಲುಗಾರನನ್ನು ತಾನೇ ಓಡಿಸಿದಂತೆ. ಪೆಟ್ಟಿಗೆಯ ತಿರುಪುಗಳನ್ನು ಬಿಚ್ಚಿ ಮೋಟಾರಿಗೆ ಕೈಹಾಕುವುದು ಆ ಕೆಲಸವನ್ನು ಕಲಿತವರಿಗೆ ಮೀಸಲು. ಪೆಟ್ಟಿಗೆಯ ಹೊರಗಿನದು ಮನೆಯವರ ಪರೀಕ್ಷೆ, ಒಳಗಿನದು ಕಸುಬುದಾರನ ಕೆಲಸ - ಈ ಗೆರೆಯನ್ನು ದಾಟದಿರುವುದೂ ದುರಸ್ತಿಯ ವಿದ್ಯೆಯ ಒಂದು ಅಂಗವೇ.

ನಿಯಮವನ್ನು ಕಂಠಪಾಠ ಮಾಡುವುದಕ್ಕಿಂತ ಅದರ ಕಾರಣವನ್ನು ಅರಿಯುವುದು ಮೇಲು. ಜಾರನ್ನು ಅಂಚಿನವರೆಗೆ ತುಂಬಬಾರದು, ಬಹಳ ಹೊತ್ತು ಎಡೆಬಿಡದೆ ಓಡಿಸಬಾರದು ಎಂದು ಮಿಕ್ಸಿಯ ಕೈಪಿಡಿಯು ಹೇಳುತ್ತದೆ. ಏಕೆ? 500 ವ್ಯಾಟಿನ ಮಿಕ್ಸಿಯು 230 ವೋಲ್ಟಿನಲ್ಲಿ ಸುಮಾರು 2.2 ಆಂಪಿಯರ್ ವಿದ್ಯುತ್ತನ್ನು ಎಳೆಯುತ್ತದೆ. ಭಾರ ಹೆಚ್ಚಾಗಿ ಅಲಗಿನ ವೇಗ ಕುಗ್ಗಿದಂತೆ ಮೋಟಾರು ಎಳೆಯುವ ವಿದ್ಯುತ್ತು ಏರುತ್ತದೆ. ತಂತಿಯಲ್ಲಿ ಹುಟ್ಟುವ ಶಾಖವು ವಿದ್ಯುತ್ ಪ್ರವಾಹದ ವರ್ಗಕ್ಕೆ ಅನುಗುಣವಾದುದು. ಎಂದರೆ ಪ್ರವಾಹವು ಇಮ್ಮಡಿಯಾದರೆ ಶಾಖವು ನಾಲ್ಮಡಿಯಾಗುತ್ತದೆ. ಅದೇ ವೇಳೆಯಲ್ಲಿ ಮೋಟಾರನ್ನು ತಣಿಸಬೇಕಾದ ಬೀಸಣಿಗೆಯು ಅದೇ ದಂಡದ ಮೇಲೆ ಇರುವುದರಿಂದ ಅದರ ವೇಗವೂ ಕುಗ್ಗುತ್ತದೆ. ಹೀಗೆ ಶಾಖವು ಏರುವ ಹೊತ್ತಿನಲ್ಲಿಯೇ ತಂಪು ಇಳಿಯುತ್ತದೆ. ತಂತಿಯ ಮೇಲಿನ ಅರಗಿನಂಥ ಲೇಪವು ಸುಡುತ್ತದೆ. ಕಮಟು ವಾಸನೆ ಬರುತ್ತದೆ. ಶಾಲೆಯಲ್ಲಿ ಕಲಿತ ಶಾಖದ ಸೂತ್ರವು ಅಡುಗೆಮನೆಯಲ್ಲಿ ಹೀಗೆ ಜೀವ ತಳೆಯುತ್ತದೆ. ಓವರ್‌ಲೋಡ್ ಗುಂಡಿಯು ಪದೇ ಪದೇ ನೆಗೆಯುತ್ತದೆಂದು ಅದನ್ನು ತಂತಿಯಿಂದ ಬೆಸೆದುಬಿಡುವುದು, ಫ್ಯೂಸು ಹೋಗುತ್ತದೆಂದು ದಪ್ಪ ತಂತಿಯನ್ನು ಕಟ್ಟುವುದು - ಇವು ದುರಸ್ತಿಯಲ್ಲ. ಅವು ಎಚ್ಚರಿಸುವವನ ಬಾಯನ್ನು ಕಟ್ಟಿದಂತೆ.

ಈ ಮಾತುಗಳಿಗೆ ಎದುರು ಮಾತು ಇಲ್ಲದಿಲ್ಲ. 'ಹೊಸ ಮಿಕ್ಸಿಗಳು ಅಗ್ಗವಾಗಿ ಸಿಗುತ್ತಿರುವಾಗ ಹಳೆಯದರ ಹಿಂದೆ ಬಿದ್ದು ಹೊತ್ತನ್ನೇಕೆ ಕಳೆಯಬೇಕು?' ಎಂದು ಕೆಲವರು ಕೇಳುತ್ತಾರೆ. ಮೋಟಾರು ಪೂರ್ತಿ ಸುಟ್ಟು, ಬಿಡಿಭಾಗಗಳೂ ಸಿಗದಿದ್ದಾಗ ಈ ಮಾತಿನಲ್ಲಿ ಹುರುಳಿದೆ. ಎಲ್ಲ ಯಂತ್ರಗಳನ್ನೂ ಎಲ್ಲ ಕಾಲಕ್ಕೂ ಉಳಿಸಿಕೊಳ್ಳಲಾಗದು. ಆದರೆ ಕಾರಣವನ್ನು ತಿಳಿದ ಮೇಲೆ ಕೈಬಿಡುವುದು ಬೇರೆ, ತಿಳಿಯುವ ಮೊದಲೇ ಕೈಬಿಡುವುದು ಬೇರೆ. ಮೊದಲನೆಯದು ನಿರ್ಧಾರ, ಎರಡನೆಯದು ಸೋಮಾರಿತನ. ಅಲ್ಲದೆ ವಸ್ತುವಿನ ನಿಜವಾದ ಬೆಲೆ ಅಂಗಡಿಯ ಚೀಟಿಯಲ್ಲಿ ಇರುವಷ್ಟೇ ಅಲ್ಲ. ಮೋಟಾರಿನಲ್ಲಿರುವ ತಾಮ್ರವನ್ನು ನೆಲದ ಒಡಲನ್ನು ಬಗೆದು ತೆಗೆದಿರುತ್ತಾರೆ. ಕರಗಿಸಿ ತಂತಿಯಾಗಿ ಎಳೆದಿರುತ್ತಾರೆ. ಚಿತ್ರದುರ್ಗದ ಬಳಿಯ ಇಂಗಳದಾಳದಲ್ಲಿ ಹಿಂದೆ ತಾಮ್ರದ ಗಣಿಯಿತ್ತು. ಬೆಟ್ಟದ ಕಲ್ಲಿನಿಂದ ತಾಮ್ರವನ್ನು ಪಡೆಯಲು ಎಷ್ಟು ಜನರ ಬೆವರು ಬೇಕೆಂಬುದನ್ನು ಅಂಥ ಗಣಿಯ ಸುತ್ತಲಿನವರು ಬಲ್ಲರು. ವಾಷರಿನ ದೋಷಕ್ಕಾಗಿ ಆ ತಾಮ್ರವನ್ನು ಕಸದ ರಾಶಿಗೆ ಸೇರಿಸುವುದು ಮಿತವ್ಯಯವೂ ಅಲ್ಲ, ನ್ಯಾಯವೂ ಅಲ್ಲ.

'ಮನೆಯವರೇ ಎಲ್ಲವನ್ನೂ ನೋಡಿಕೊಂಡರೆ ದುರಸ್ತಿಯ ಕಸುಬನ್ನೇ ನಂಬಿದವರ ಗತಿಯೇನು?' ಎಂಬುದು ಇನ್ನೊಂದು ಆಕ್ಷೇಪ. ಯೋಚಿಸಿ ನೋಡಿದರೆ ನಿಜಸ್ಥಿತಿ ಇದಕ್ಕೆ ವಿರುದ್ಧವಾಗಿದೆ. ದುರಸ್ತಿಯ ಅಂಗಡಿಯನ್ನು ಬರಿದು ಮಾಡುವುದು ಮನೆಯವರ ತಿಳಿವಳಿಕೆಯಲ್ಲ. ಕೆಟ್ಟುದನ್ನು ಎಸೆಯುವ ಚಾಳಿ. ಯಂತ್ರವನ್ನು ಅರಿತವರು ಅದನ್ನು ಉಳಿಸಿಕೊಳ್ಳಲು ಬಯಸುತ್ತಾರೆ. ಉಳಿಸಿಕೊಳ್ಳಬಯಸುವವರು ಕಸುಬುದಾರನ ಬಳಿಗೆ ಬರುತ್ತಾರೆ. 'ಮಿಕ್ಸಿ ಕೆಟ್ಟಿದೆ' ಎನ್ನುವವರಿಗಿಂತ 'ಮೋಟಾರು ತಿರುಗುತ್ತದೆ, ಜಾರು ಸರಿಯಾಗಿದೆ, ಒಳಗೆ ಕಿಡಿ ಹೆಚ್ಚಾಗಿದೆ' ಎನ್ನುವವರ ಯಂತ್ರವನ್ನು ಸರಿಪಡಿಸುವುದು ಸುಲಭ. ಕಾರ್ಬನ್ ಬ್ರಷ್ಷಿನ ಬಳಿ ಸಣ್ಣ ಕಿಡಿಗಳು ಸಹಜ. ಉಂಗುರದಂತೆ ಸುತ್ತಲೂ ಬೆಂಕಿ ಕಂಡರೆ ಮಾತ್ರ ದೋಷವೆಂದು ಬಲ್ಲವರು ಅನಗತ್ಯವಾಗಿ ಹೆದರುವುದಿಲ್ಲ, ಮೋಸಹೋಗುವುದೂ ಇಲ್ಲ. ಬದಲಿಸಿದ ಹಳೆಯ ಭಾಗವನ್ನು ಕೇಳಿ ಪಡೆಯುವಷ್ಟು ಎಚ್ಚರ ಅವರಲ್ಲಿರುತ್ತದೆ. ಮಿಗಿಲಾಗಿ, ಚಿಕ್ಕ ಅಂಗಡಿಯಲ್ಲಿ ಕುಳಿತು ಸದ್ದನ್ನು ಕೇಳಿಯೇ ದೋಷವನ್ನು ಹೇಳಬಲ್ಲವನ ಜಾಣ್ಮೆ ಎಷ್ಟು ದೊಡ್ಡದೆಂಬುದು ತಾವೂ ಸ್ವಲ್ಪ ಪ್ರಯತ್ನಿಸಿದವರಿಗೆ ಮಾತ್ರ ಅರ್ಥವಾಗುತ್ತದೆ. ಅರ್ಥವಾದಲ್ಲಿ ಗೌರವ ತಾನಾಗಿ ಹುಟ್ಟುತ್ತದೆ.

ಇಲ್ಲಿ ಮನೆಯೊಳಗಿನ ಒಂದು ಅನ್ಯಾಯವನ್ನೂ ಹೇಳಬೇಕು. ಮಿಕ್ಸಿಯನ್ನು ದಿನವೂ ಬಳಸುವವರು ಬಹುಪಾಲು ಮನೆಗಳಲ್ಲಿ ಹೆಂಗಸರು. ಅದರ ಸದ್ದಿನಲ್ಲಾಗುವ ಸಣ್ಣ ವ್ಯತ್ಯಾಸವೂ ಅವರ ಕಿವಿಗೆ ಮೊದಲು ಬೀಳುತ್ತದೆ. ವಾಸನೆಯ ಸುಳಿವು ಅವರಿಗೇ ಮೊದಲು ಸಿಗುತ್ತದೆ. ಆದರೆ ಅದು ಕೆಟ್ಟೊಡನೆ 'ನಿನಗೆ ತಿಳಿಯದು, ಮುಟ್ಟಬೇಡ' ಎಂಬ ಮಾತನ್ನು ಅವರು ಕೇಳಬೇಕಾಗುತ್ತದೆ. ತಿರುಪುಳಿಯು ಹುಡುಗನ ಕೈಗೆ, ಒರೆಸುವ ಬಟ್ಟೆಯು ಹುಡುಗಿಯ ಕೈಗೆ ಎಂಬ ಹಂಚಿಕೆಯನ್ನು ಯಾವ ವಿಜ್ಞಾನವೂ ಮಾಡಿಲ್ಲ. ವಿದ್ಯುತ್ತು ಗಂಡುಹೆಣ್ಣೆಂಬ ಭೇದವನ್ನು ಎಣಿಸುವುದಿಲ್ಲ. ಅದು ಎಣಿಸುವುದು ಎಚ್ಚರವನ್ನು ಮಾತ್ರ. ಯಂತ್ರವನ್ನು ನಡೆಸುವವರಿಗೆ ಅದನ್ನು ಅರಿಯುವ ಹಕ್ಕೂ ಇದೆ. ಹಿಂದೆ ಒರಳುಕಲ್ಲಿಗೆ ಯಾವಾಗ ಕಚ್ಚು ಹಾಕಿಸಬೇಕೆಂದು ನಿರ್ಧರಿಸುತ್ತಿದ್ದವರು ಹೆಂಗಸರೇ ಎಂಬುದನ್ನು ಮರೆಯಬಾರದು.

ವ್ಯಕ್ತಿಯ ವಿವೇಕ ಎಷ್ಟೇ ಇದ್ದರೂ ಯಂತ್ರವನ್ನು ಮಾಡುವವರು ಅದಕ್ಕೆ ಎಡೆ ಕೊಡಬೇಕು. ಸಾಮಾನ್ಯ ತಿರುಪುಳಿಗೆ ಜಗ್ಗದ ತಿರುಪುಗಳು, ಬಿಚ್ಚಿದರೆ ಮುರಿಯುವ ಹೊದಿಕೆಗಳು, ಮಾರುಕಟ್ಟೆಯಲ್ಲಿ ಸಿಗದ ಬಿಡಿಭಾಗಗಳು - ಇವು ದುರಸ್ತಿಯ ಬಾಗಿಲನ್ನು ಮುಚ್ಚುತ್ತವೆ. ಆದಕಾರಣವೇ ದುರಸ್ತಿಯು ಇಂದು ನಾಗರಿಕರ ಹಕ್ಕಿನ ಪ್ರಶ್ನೆಯಾಗಿದೆ. ಕೆಲವು ಬಗೆಯ ಯಂತ್ರಗಳು ದುರಸ್ತಿಗೆ ಎಷ್ಟು ಅನುಕೂಲವೆಂಬುದನ್ನು ಹತ್ತು ಅಂಕಗಳಲ್ಲಿ ಅಳೆದು ಮಾರುವಾಗಲೇ ತಿಳಿಸಬೇಕೆಂಬ ನಿಯಮವನ್ನು ಫ್ರಾನ್ಸ್ ದೇಶವು 2021ರಲ್ಲಿ ಜಾರಿಗೆ ತಂದಿತು. ಭಾರತ ಸರ್ಕಾರದ ಗ್ರಾಹಕ ವ್ಯವಹಾರಗಳ ಇಲಾಖೆಯು 2022ರ ಜುಲೈಯಲ್ಲಿ ದುರಸ್ತಿಯ ಹಕ್ಕನ್ನು ಕುರಿತು ಒಂದು ಸಮಿತಿಯನ್ನು ರಚಿಸಿತು. ಆ ಸಮಿತಿಯು ಕೃಷಿ ಉಪಕರಣ, ಮೊಬೈಲ್ ಫೋನು, ವಾಹನಗಳೊಡನೆ ಗೃಹೋಪಯೋಗಿ ವಸ್ತುಗಳನ್ನೂ ತನ್ನ ಪರಿಶೀಲನೆಗೆ ಎತ್ತಿಕೊಂಡಿತು. ಕೆಟ್ಟ ವಸ್ತುಗಳನ್ನು ತಂದು ತಿಳಿದವರೊಡನೆ ಕುಳಿತು ಸರಿಪಡಿಸಿಕೊಳ್ಳುವ ಕೂಟಗಳೂ ಹುಟ್ಟಿವೆ. 2009ರಲ್ಲಿ ಆಮ್‌ಸ್ಟರ್‌ಡಾಮ್ ನಗರದಲ್ಲಿ ಆರಂಭವಾದ ಈ ಪದ್ಧತಿಯು 2015ರಲ್ಲಿ ಬೆಂಗಳೂರಿಗೂ ಬಂದಿತು. ವಿದ್ಯುನ್ಮಾನ ತ್ಯಾಜ್ಯದ ಹೊಣೆಯನ್ನು ತಯಾರಕರ ಮೇಲೆ ಹೊರಿಸುವ ಹೊಸ ನಿಯಮಗಳು 2023ರ ಏಪ್ರಿಲ್ 1ರಿಂದ ಜಾರಿಯಲ್ಲಿವೆ. ಇವೆಲ್ಲವೂ ಸ್ವಾಗತಾರ್ಹ. ಆದರೆ ತ್ಯಾಜ್ಯವನ್ನು ಕರಗಿಸಿ ಮರಳಿ ಬಳಸುವುದು ಕೊನೆಯ ದಾರಿ; ವಸ್ತುವು ತ್ಯಾಜ್ಯವಾಗದಂತೆ ನೋಡಿಕೊಳ್ಳುವುದೇ ಮೊದಲ ದಾರಿ. ಕಾನೂನು ಬಾಗಿಲನ್ನು ತೆರೆಯಬಲ್ಲದು. ಒಳಗೆ ಹೆಜ್ಜೆಯಿಡುವವರು ಜನರೇ ಆಗಬೇಕು.

ದುರಸ್ತಿಯಿಂದ ಉಳಿಯುವುದು ಹಣವಷ್ಟೇ ಅಲ್ಲ. ಕಾರಣವನ್ನು ಹುಡುಕುವವರು ತಾಳ್ಮೆಯನ್ನು ಕಲಿಯುತ್ತಾರೆ. ಊಹಿಸಿ, ಪರೀಕ್ಷಿಸಿ, ಊಹೆಯು ತಪ್ಪಾದರೆ ಅದನ್ನು ಬಿಟ್ಟುಕೊಡಲು ಕಲಿಯುತ್ತಾರೆ. ವಿಜ್ಞಾನಿಯು ಪ್ರಯೋಗಶಾಲೆಯಲ್ಲಿ ಮಾಡುವುದೂ ಇದನ್ನೇ. ತನ್ನ ಶಕ್ತಿಯ ಎಲ್ಲೆ ಎಲ್ಲಿದೆ ಎಂಬುದನ್ನೂ ಮನುಷ್ಯನು ಇಲ್ಲಿಯೇ ಅರಿಯುತ್ತಾನೆ. ತಾನು ಮಾಡಬಲ್ಲುದನ್ನು ಮಾಡುವ ಧೈರ್ಯ, ಮಾಡಲಾಗದುದನ್ನು ಬಲ್ಲವರಿಗೆ ಒಪ್ಪಿಸುವ ವಿನಯ - ಇವೆರಡೂ ಕೂಡಿದಾಗಲೇ ದುರಸ್ತಿಯು ವಿವೇಕವೆನಿಸುತ್ತದೆ. ಪರರ ಕೈಯನ್ನು ನೋಡದೆ ಸಾಕೆಟ್ಟನ್ನು ಪರೀಕ್ಷಿಸಿ, ಗುಂಡಿಯನ್ನು ಒತ್ತಿ, ಜಾರನ್ನು ತೊಳೆದು ಯಂತ್ರವನ್ನು ಮತ್ತೆ ನಡೆಯಿಸಿದ ಹುಡುಗಿಯೋ ಹುಡುಗನೋ ಅಂದು ಪಡೆಯುವ ಆತ್ಮವಿಶ್ವಾಸವನ್ನು ಯಾವ ಅಂಗಡಿಯೂ ಮಾರುವುದಿಲ್ಲ. ಯಂತ್ರಗಳು ಮನುಷ್ಯನ ಸೇವಕರು ಎಂದು ಹೇಳುವುದು ವಾಡಿಕೆ. ಸೇವಕನು ಬಳಲಿದಾಗ ಅವನ ನೋವೇನೆಂದು ಕೇಳದ ಯಜಮಾನನು ಯಜಮಾನನೆಂಬ ಹೆಸರಿಗೆ ತಕ್ಕವನಲ್ಲ.